ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಲ್ಲೋ ಕಾರಿಗೆ ಇಲಿ ಸೇರದ ಹಾಗೆ

ಮೃಗಶಿರ ಮಳೆ ಹಿಡಿಯೋದ್ರೊಳಗೆ ಈ ಕೆಲಸ ಮುಗಿಸಿಬಿಡ್ರಪ್ಪಾ ಅಂತ ನಾನು ಪ್ರತಿ ವರ್ಷ ಹೇಳ್ತಾನೇ ಇರ್ತೀನಿ, ಬೇಸಿಗೆ ರಜಕ್ಕೆ ಊರಿಗೆ ಬಂದು ಒಂದು ಕಾರು ಇಲ್ಲೇ ಬಿಟ್ಟು ಹೋಗೋರು ಈಗ ಮನೆಮನೆಗೂ ಇದಾರೆ. ನಮ್ದು ತೀರ್ಥಹಳ್ಳಿ ಕಡೆ ತೋಟದ ಮನೆ. ಮಳೆ ಜೋರಾದ್ರೆ ಗದ್ದೆ ಬದುವಲ್ಲಿರೋ ಬಿಲಕ್ಕೆಲ್ಲ ನೀರು ನುಗ್ಗತ್ತೆ, ಆಗ ಇಲಿಗಳು ಒಣಗಿರೋ ಜಾಗ ಎಲ್ಲಿದೆ ಅಂತ ಹುಡುಕ್ಕೊಂಡು ಕೊಟ್ಟಿಗೆ, ಸೌದೆಮನೆ, ಅಟ್ಟ ಅಂತ ಮೇಲಕ್ಕೆ ಬರ್ತವೆ. ಮೂರು ತಿಂಗಳು ಅಲ್ಲಾಡದೆ ನಿಂತ ಕಾರಿಗಿಂತ ಒಳ್ಳೆ ಜಾಗ ಅವಕ್ಕೆ ಎಲ್ಲಿ ಸಿಗ್ಬೇಕು, ಕತ್ತಲೆ ಇದೆ, ಬೆಚ್ಚಗಿದೆ, ಹರಿದು ಹಾಸ್ಕೊಳಕ್ಕೆ ಸ್ಪಂಜಿದೆ, ಬೆಕ್ಕು ಒಳಗೆ ಬರಲ್ಲ.

ನಮಗೂ ಒಂದ್ಸಲ ಆಗಿದೆ. ಮಗ ಮೇ ತಿಂಗಳಲ್ಲಿ ಕಾರು ಬಿಟ್ಟು ಹೋದ, ಗೌರಿ ಹಬ್ಬಕ್ಕೆ ಬಂದು ಸ್ಟಾರ್ಟ್ ಮಾಡಿ ಏಸಿ ಹಾಕಿದ ತಕ್ಷಣ ಹೊಡೀತು ನೋಡಿ ವಾಸನೆ, ಸೊಸೆ ಬಾಗಿಲು ತೆಗೆದು ಹೊರಗೆ ಓಡಿಬಂದಳು. ಮೆಕ್ಯಾನಿಕ್ ಹುಡುಗ ಡ್ಯಾಶ್‌ಬೋರ್ಡ್ ಖಾನೆ ಬಿಚ್ಚಿ ಹಿಂದಿಂದ ಏಸಿ ಫಿಲ್ಟರ್ ಎಳೆದ, ಅದರ ಮೇಲೊಂದು ಗೂಡು, ತೆಂಗಿನಕಾಯಿ ಗಾತ್ರದ್ದು. ಗೋಣಿಚೀಲದ ನಾರು, ಟಿಶ್ಯೂ ಪೇಪರ್ ಚೂರು, ಬಾನೆಟ್ ಕೆಳಗಿನ ಹತ್ತಿ, ಸೀಟಿನ ಸ್ಪಂಜು ಎಲ್ಲ ನುಣ್ಣಗೆ ಸೀಳಿ ಹೆಣೆದಿತ್ತು, ನಡುವೆ ಗೇರುಬೀಜದ ಸಿಪ್ಪೆ. ಖಾನೆಯಲ್ಲಿ ಅರ್ಧ ಪ್ಯಾಕೆಟ್ ಗೇರುಬೀಜ ಇಟ್ಟು ಮರೆತಿದ್ವಿ, ಅಷ್ಟೇ ನಾವು ಮಾಡಿದ ತಪ್ಪು. ವೈರು ಎರಡು ಕಡೆ ಕಡಿದಿತ್ತು, ಒಟ್ಟು ರಿಪೇರಿಗೆ ಒಂಬತ್ತು ಸಾವಿರದ ಮೇಲಾಯ್ತು.

ಅದಕ್ಕೇ ನಾನು ಹೇಳೋದು, ಇಲಿ ಓಡ್ಸೋದು ಆಮೇಲೆ, ಅದು ಯಾಕೆ ಬರತ್ತೆ ಅನ್ನೋದನ್ನ ಮೊದಲು ತೆಗೀರಿ. ಕಾರು ನಿಲ್ಸೋ ದಿನ ಒಳಗಿರೋದೆಲ್ಲ ಹೊರಗೆ ಹಾಕಿ, ಟಿಶ್ಯೂ ಡಬ್ಬ, ಮಕ್ಕಳ ಚಾದರ, ದಿಂಬು, ಹಳೇ ಪೇಪರ್, ಬಟ್ಟೆ ಚೀಲ ಒಂದೂ ಬಿಡಬೇಡಿ, ತಿನ್ನೋ ಪದಾರ್ಥ ಮಾತ್ರ ಅಲ್ಲ ಹಾಸಿಗೆ ಆಗೋದೂ ಅವಕ್ಕೆ ಅಷ್ಟೇ ಬೇಕು. ಸೀಟು ಹಿಂದಕ್ಕೆ ತಳ್ಳಿ ಕೆಳಗಿನ ಹಳಿ ಹತ್ರ ಟಾರ್ಚ್ ಬಿಟ್ಟು ನೋಡಿ, ಮಕ್ಕಳಿರೋ ಮನೆಯಾದ್ರೆ ಅಲ್ಲಿ ಬಿಸ್ಕತ್ ಪುಡಿ, ಚಕ್ಕುಲಿ ಚೂರು ಇದ್ದೇ ಇರತ್ತೆ. ವ್ಯಾಕ್ಯೂಮ್ ಇಲ್ಲದಿದ್ರೆ ಪೇಂಟ್ ಬ್ರಷ್ ತಗೊಂಡು ಗುಡಿಸಿ, ಒದ್ದೆ ಬಟ್ಟೇಲಿ ಒರೆಸಿ. ಮ್ಯಾಟ್ ತೊಳೆದು ಮನೆ ಒಳಗೆ ಇಟ್ಕೊಳ್ಳಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡೋ ಗುಂಡೀನೂ ನೋಡಿ, ನಮ್ಮ ಕಾರಲ್ಲಿ ಅಲ್ಲೊಂದು ಹಿಡಿ ಅಕ್ಕಿ ಚೆಲ್ಲಿತ್ತು.

ಆಮೇಲೆ ನಿಲ್ಲಿಸೋ ಜಾಗ. ಅಡಿಕೆ ಮೂಟೆ, ಹುಲ್ಲಿನ ಗೊಣಬೆ, ಸೌದೆ ಒಟ್ಟಿದ ಪಕ್ಕ ಕಾರು ನಿಲ್ಲಿಸ್ಬೇಡಿ. ಇಲಿ ಬಯಲಲ್ಲಿ ಓಡೋಕೆ ಹೆದರತ್ತೆ, ಗೋಡೆ ಅಂಚು ಸಾಮಾನಿನ ಮರೆ ಹಿಡ್ಕೊಂಡೇ ಓಡಾಡೋದು, ಹಾಗಾಗಿ ಕಾರಿನ ಸುತ್ತ ಮೂರು ಅಡಿ ಖಾಲಿ ನೆಲ ಇರಲಿ, ಗೋಡೆಗೂ ತಾಗಿಸ್ಬೇಡಿ. ಸುಂಡಿಲಿ ಅಂದ್ರೆ ಪೆನ್ಸಿಲ್ ತೂರೋ ತೂತಲ್ಲೂ ಬರತ್ತೆ, ಅದಕ್ಕೆ ಶೆಡ್ಡಿನ ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆಸಿ, ನೀರು ಹೋಗೋ ತೂತಿಗೆ ಕಾಲಿಂಚಿನ ಕಬ್ಬಿಣದ ಜಾಲರಿ ಹಾಕಿ. ಪ್ಲಾಸ್ಟಿಕ್ ಜಾಲರಿ, ಥರ್ಮಾಕೋಲ್, ಬಟ್ಟೆ ತುರುಕಿದ್ರೆ ಒಂದು ರಾತ್ರೀಲಿ ಕಡೀತವೆ, ಇಲಿಯ ಮುಂದಿನ ಹಲ್ಲು ಸಾಯೋವರೆಗೂ ಬೆಳೀತಾನೇ ಇರತ್ತೆ, ಅದಕ್ಕೆ ಏನಾದ್ರೂ ಕಡೀತಾ ಇರಲೇಬೇಕು. ಹಂಚಿನ ಶೆಡ್ಡಾದ್ರೆ ಮೇಲಿಂದ ಬರೋದನ್ನ ಪೂರ್ತಿ ತಡೆಯೋಕಾಗಲ್ಲ, ಮಾಡಿಗೆ ತಾಗೋ ಕೊಂಬೆ ಆದ್ರೂ ಕಡಿಸಿ. ತೆಂಗಿನ ಮರಕ್ಕೆ ಇಲಿ ಹತ್ತಬಾರದು ಅಂತ ತಗಡು ಸುತ್ತುತೀವಲ್ಲ, ಶೆಡ್ಡಿನ ಕಂಬಕ್ಕೂ ಹಾಗೇ ಒಂದೂವರೆ ಅಡಿ ಅಗಲದ ನುಣುಪು ತಗಡು ಸುತ್ತಿಸಿದೀನಿ ನಾನು, ಉಗುರು ಊರಕ್ಕೆ ಜಾಗ ಸಿಗಲ್ಲ.

ಕಾರಿಗೆ ಮುಖ್ಯವಾಗಿ ಮಾಡೋದು ಎರಡು. ಡ್ಯಾಶ್‌ಬೋರ್ಡಲ್ಲಿ ಕಾರಿನ ಚಿತ್ರದೊಳಗೆ ಬಾಣ ಸುತ್ಕೊಂಡಿರೋ ಬಟನ್ ಇರತ್ತಲ್ಲ, ನಿಲ್ಲಿಸೋ ಮುಂಚೆ ಅದನ್ನ ಒತ್ತಿ, ಹೊರಗಿನ ಗಾಳಿ ಬರೋ ದಾರಿ ಮುಚ್ಚತ್ತೆ, ಗಾಜಿನ ಕೆಳಗಿಂದ ಇಲಿ ಇಳಿಯೋದೂ ಅದೇ ದಾರೀಲಿ. ಹಳೇ ಕಾರಲ್ಲಿ ಬಟನ್ ಬದಲು ಪಕ್ಕಕ್ಕೆ ಎಳೆಯೋದಿರತ್ತೆ. ಇನ್ನೊಂದು, ಸೈಲೆನ್ಸರ್ ಬಾಯಿಗೆ ಪಾತ್ರೆ ತಿಕ್ಕೋ ಸ್ಟೀಲ್ ಗುಂಜು ತುರುಕಿ, ತುಕ್ಕು ಹಿಡಿಯದೇ ಇರೋದನ್ನ ತಗೊಳ್ಳಿ, ತುರುಕಿದ ಕೂಡಲೇ ಸ್ಟೇರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಇಲ್ಲಾಂದ್ರೆ ಮೂರು ತಿಂಗಳಾದ ಮೇಲೆ ನೆನಪಿರಲ್ಲ, ಹಾಗೇ ಸ್ಟಾರ್ಟ್ ಮಾಡಿಬಿಡ್ತೀರಿ. ಶೆಡ್ಡು ಒಳಗೆ ಎರಚಲು ಹೊಡೆಯಲ್ಲ ಅಂದ್ರೆ ಬಾನೆಟ್ ಎತ್ತಿಯೇ ಇಟ್ಟುಬಿಡಿ, ಬೆಳಕು ಗಾಳಿ ಆಡೋ ಕಡೆ ಅವು ಗೂಡು ಕಟ್ಟೋಕೆ ಮನಸ್ಸು ಮಾಡಲ್ಲ.

ಹೊಗೆಸೊಪ್ಪು ಇಡಿ, ಪುದೀನ ಎಣ್ಣೆ ಹಚ್ಚಿ, ನುಸಿಗುಳಿಗೆ ಎಸೆಯಿರಿ ಅಂತ ಎಲ್ಲರೂ ಹೇಳ್ತಾರೆ, ನಾನೂ ಎಲ್ಲ ಮಾಡಿ ನೋಡಿದೀನಿ. ಹೊಗೆಸೊಪ್ಪಿನ ಘಾಟು ನಮ್ಮ ಥಂಡಿಗೆ ಹತ್ತು ದಿನಕ್ಕೇ ಹೋಯ್ತು, ಎಲೆಗೆ ಬೂಷ್ಟು ಬಂತು. ನುಸಿಗುಳಿಗೆ ಅಂತೂ ಕಾರೊಳಗೆ ಬೇಡವೇ ಬೇಡ, ಆ ವಾಸನೆ ಸೀಟಿಗೆ ಹಿಡಿದ್ರೆ ತಿಂಗಳುಗಟ್ಟಲೆ ಬಿಡಲ್ಲ, ಮಕ್ಕಳಿಗೆ ತಲೆನೋವು ಬರತ್ತೆ.

ಪಾಷಾಣದ ವಿಷಯದಲ್ಲಿ ಮಾತ್ರ ನನ್ನ ಮಾತು ದಯವಿಟ್ಟು ಕೇಳಿ. ಅಂಗಡೀಲಿ ಸಿಗೋ ಕಪ್ಪು ಪುಡಿ ಜಿಂಕ್ ಫಾಸ್ಫೈಡ್, ಟ್ಯೂಬಲ್ಲಿ ಬರ್ತಿದ್ದ ಪೇಸ್ಟು ರಂಜಕದ್ದು, ಎರಡಕ್ಕೂ ಪ್ರತಿವಿಷ ಅಂತ ಇಲ್ಲ. ಪೇಸ್ಟು ಹೊಟ್ಟೆಗೆ ಹೋದ್ರೆ ಎರಡು ದಿನ ಏನೂ ಆಗದ ಹಾಗಿದ್ದು ಆಮೇಲೆ ಲಿವರ್ ಕೈ ಕೊಡತ್ತೆ. ಮಕ್ಕಳು, ನಾಯಿ, ಬೆಕ್ಕು ಓಡಾಡೋ ಮನೇಲಿ ಅದನ್ನ ತಂದಿಡೋದು ಇಲಿಗೆ ಹೆದರಿ ಮನೆ ಸುಟ್ಟ ಹಾಗೇ. ವಿಷದಿಂದ ಸತ್ತ ಇಲಿ ತಿಂದ ಗೂಬೆ, ಬೆಕ್ಕೂ ಸಾಯಬಹುದು. ಅಷ್ಟಾಗಿ ವಿಷ ತಿಂದ ಇಲಿ ಡ್ಯಾಶ್‌ಬೋರ್ಡ್ ಒಳಗೇ ಹೋಗಿ ಸತ್ತರೆ ಆ ನಾತಕ್ಕೆ ಇಡೀ ಕಾರು ಬಿಚ್ಚಿಸಬೇಕು.

ಬೋನೇ ಒಳ್ಳೇದು. ಗೋಡೆ ಅಂಚಿಗೆ ತಾಗಿಸಿ ಇಡಿ, ಸುಟ್ಟ ಕೊಬ್ಬರಿ ಚೂರು ಕಟ್ಟಿ, ಕೆಂಡದ ಮೇಲೆ ಒಂಚೂರು ಕಪ್ಪಾಗೋವರೆಗೂ ಸುಟ್ಟರೆ ಆ ವಾಸನೆಗೆ ದೂರದಿಂದ ಬರತ್ತೆ. ಇಲಿ ಹೊಸ ವಸ್ತು ಕಂಡ್ರೆ ಎರಡು ಮೂರು ದಿನ ಹತ್ರ ಬರಲ್ಲ, ಅದಕ್ಕೆ ಮೊದಲು ಬಾಗಿಲು ಬೀಳದ ಹಾಗೆ ಕಟ್ಟಿ ಸುಮ್ನೆ ತಿನ್ನೋಕೆ ಬಿಡಿ, ಕೊಬ್ಬರಿ ಖಾಲಿಯಾಗೋಕೆ ಶುರುವಾದ ಮೇಲೆ ಬೋನು ಹೂಡಿ. ಬೋನನ್ನ ದಿನಾ ಬೆಳಿಗ್ಗೆ ನೋಡಬೇಕು, ಪ್ರಾಣಿ ಒಳಗೇ ನರಳೋ ಹಾಗೆ ಬಿಡಬಾರದು. ಅಂಟಿನ ಹಲಗೆ ನಾನು ಬಳಸಲ್ಲ, ಒಂದ್ಸಲ ಓತಿಕ್ಯಾತ ಅಂಟ್ಕೊಂಡು ಒದ್ದಾಡಿದ್ದು ಕಣ್ಣಿಂದ ನೋಡೋಕಾಗಲಿಲ್ಲ.

ವಾರಕ್ಕೊಮ್ಮೆ ಯಾರಾದ್ರೂ ಹೋಗಿ ಬಾನೆಟ್ ಒಳಗೆ, ಸೀಟಿನ ಕೆಳಗೆ ಟಾರ್ಚ್ ಬಿಡಲೇಬೇಕು, ಇದೊಂದು ತಪ್ಪಿದ್ರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಸುಂಡಿಲಿ ಗಬ್ಬ ಕಟ್ಟಿ ಮೂರು ವಾರಕ್ಕೇ ಮರಿ ಹಾಕತ್ತೆ, ಮರಿಗಳು ಒಂದೂವರೆ ತಿಂಗಳಿಗೆ ಮತ್ತೆ ಮರಿ ಹಾಕೋಷ್ಟು ದೊಡ್ಡವಾಗ್ತವೆ, ಲೆಕ್ಕ ನೀವೇ ಹಾಕ್ಕೊಳ್ಳಿ. ಅಕ್ಕಿಕಾಳಿನಷ್ಟು ಕಪ್ಪು ಹಿಕ್ಕೆ ಕಂಡ್ರೆ ಒಣಗಿದ್ದನ್ನ ಹಾಗೇ ಗುಡಿಸ್ಬೇಡಿ, ಧೂಳು ಮೂಗಿಗೆ ಹೋಗತ್ತೆ. ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಪೇಪರಲ್ಲಿ ಒರೆಸಿ ತೆಗೀರಿ, ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಗಾಯ ಇದ್ದೋರು ಆ ಕೆಲಸಕ್ಕೆ ಹೋಗಲೇಬೇಡಿ. ಇಲಿಜ್ವರ ಬರೋದು ಇಲಿ ಉಚ್ಚೆಯಿಂದ, ಮಳೆಗಾಲದಲ್ಲಿ ಮಲೆನಾಡು ಕರಾವಳೀಲಿ ಅದು ಜಾಸ್ತಿ. ಹಾಗೆ ಕ್ಲೀನ್ ಮಾಡಿದ ಮೇಲೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾಗೋದು ಕಂಡ್ರೆ ಡಾಕ್ಟರಿಗೆ ಇಲಿ ವಿಷಯ ಬಾಯಿಬಿಟ್ಟು ಹೇಳಿ.

ಮತ್ತೆ ಇಲಿ ಇದ್ದಲ್ಲಿಗೆ ಹಾವು ಬರತ್ತೆ. ಕೇರೆ ಹಾವಾದ್ರೆ ಚಿಂತೆಯಿಲ್ಲ, ನಾಗರವೂ ಬರತ್ತೆ. ಮಳೆ ಕಳೆದು ಕಾರು ತೆಗೆಯೋ ದಿನ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ, ಸ್ವಲ್ಪ ಹೊತ್ತು ನಿಂತು, ಟಾರ್ಚ್ ಬಿಟ್ಟು ನೋಡಿ ಆಮೇಲೆ ಕೈ ಹಾಕಿ. ಸೈಲೆನ್ಸರ್ ಗುಂಜು ತೆಗೀರಿ, ಬ್ರೇಕ್ ಪೈಪು ವೈರು ಎಲ್ಲಾ ಕಡೆ ಹಲ್ಲಿನ ಗುರುತು ಇದೆಯಾ ಅಂತ ಬೆರಳಾಡಿಸಿ ನೋಡಿ, ಅನುಮಾನ ಬಂದ್ರೆ ಘಾಟಿ ಇಳಿಯೋಕೆ ಮುಂಚೆ ಮೆಕ್ಯಾನಿಕ್ಕಿಗೆ ತೋರಿಸಿ. ಆಯುಧಪೂಜೆಗೆ ಕಾರು ಹೊರಗೆ ತೆಗೆದಾಗ ಎಲ್ಲರೂ ಅಕ್ಷತೆ, ಮಂಡಕ್ಕಿ ಹಾಕ್ತೀವಲ್ಲ, ಪೂಜೆ ಮುಗಿದು ಸಂಜೆ ಆಗೋದ್ರೊಳಗೆ ಗಾಜಿನ ಕೆಳಗಿನ ಆ ಸಂದಿಯಲ್ಲಿ ಬಿದ್ದ ಕಾಳೆಲ್ಲ ಬ್ರಷ್ಷಲ್ಲಿ ಗುಡಿಸಿ ತೆಗೆದುಬಿಡಿ.