ಎದ್ದು ನಿಂತಾಗ ಬಿಪಿ ಎಷ್ಟು?

ಹೋದ ವರ್ಷ ಒಂದು ರಾತ್ರಿ ಮೂತ್ರಕ್ಕೆ ಎದ್ದವನು ಬಚ್ಚಲ ಬಾಗಿಲಲ್ಲೇ ಕುಸಿದುಬಿದ್ದೆ. ಮೊದಲು ಕಿವಿ ಗುಂಯ್ ಅಂತು, ಆಮೇಲೆ ದೀಪ ಮಂಕಾಯಿತು. ಕಣ್ಣು ಬಿಟ್ಟಾಗ ಕೆನ್ನೆ ತಣ್ಣಗಿನ ನೆಲದ ಮೇಲಿತ್ತು. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಬಿಪಿ ನೋಡಿದರೆ 118/74. ಏನೂ ಇಲ್ಲ ಬಿಡು ಅಂತ ಸುಮ್ಮನಾದೆ. ಎಡವಿದ್ದು ಅಲ್ಲೇ.

90/60ಕ್ಕಿಂತ ಕಡಿಮೆ ಇದ್ದರೆ ಲೋ ಬಿಪಿ ಅನ್ನುತ್ತಾರೆ. ಕೆಲವರಿಗೆ ಅದೇ ಮಾಮೂಲು. ತಲೆಸುತ್ತು, ಸುಸ್ತು ಏನೂ ಇಲ್ಲದಿದ್ದರೆ ಬರೀ ಸಂಖ್ಯೆ ನೋಡಿ ಹೆದರಬೇಕಿಲ್ಲ. ನನ್ನಂಥವರ ಕಥೆ ಬೇರೆ: ಕೂತಾಗ ಸರಿ, ಎದ್ದಾಗ ಇಳಿಯುತ್ತದೆ.

ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. 5 ನಿಮಿಷ ಮಲಗಿ, ಬಿಪಿ ನೋಡಿ. ಎದ್ದು ನಿಂತು 1 ನಿಮಿಷಕ್ಕೆ, ಮತ್ತೆ 3 ನಿಮಿಷಕ್ಕೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ನನಗೆ 116 ಇದ್ದದ್ದು 88ಕ್ಕೆ ಬಂತು! ಪಕ್ಕದಲ್ಲಿ ಯಾರಾದರೂ ಇರಲಿ. ಕಣ್ಣು ಕತ್ತಲೆ ಬಂದರೆ ಮೆಷಿನ್ ಮರೆತು ಕೂತುಬಿಡಿ. ತೋಳಿಗೆ ಸುತ್ತುವ ಪಟ್ಟಿ ಎದೆಯ ಮಟ್ಟದಲ್ಲಿರಬೇಕು. ತೋಳಿಗೆ ತೀರಾ ದೊಡ್ಡದಾದ ಪಟ್ಟಿ ಸುಳ್ಳು ಲೋ ತೋರಿಸುತ್ತದೆ.

ಡಾಕ್ಟರ್ ಮೊದಲು ಕೇಳಿದ್ದೇ ಮಾತ್ರೆಗಳ ಬಗ್ಗೆ. ಹತ್ತು ದಿನದ ಹಿಂದಷ್ಟೇ ನನ್ನ ಬಿಪಿ ಮಾತ್ರೆಯ ಡೋಸ್ ಜಾಸ್ತಿ ಆಗಿತ್ತು, ಜೊತೆಗೆ ಎರಡು ದಿನ ಭೇದಿ. ಮೈಯಲ್ಲಿ ನೀರು ಕಡಿಮೆ, ಮಾತ್ರೆಯ ಜೋರು ಜಾಸ್ತಿ. ಮೂತ್ರ ಹೋಗಿಸುವ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳೂ ಹೀಗೆ ಮಾಡಬಹುದು. ಹಾಗಂತ ನೀವೇ ನಿಲ್ಲಿಸಬೇಡಿ. ಉಪ್ಪು ಜಾಸ್ತಿ ತಿನ್ನಿ ಅನ್ನುವ ಸಲಹೆಯೂ ಎಲ್ಲರಿಗೂ ಅಲ್ಲ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಅದೇ ಮುಳುವಾಗುತ್ತದೆ.

ತಲೆಸುತ್ತು ಪದೇ ಪದೇ ಬಂದರೆ, ಒಮ್ಮೆ ಪ್ರಜ್ಞೆ ತಪ್ಪಿದರೂ, ಡಾಕ್ಟರ್ ಹತ್ತಿರ ಹೋಗಿ. ನನ್ನ ಹಾಗೆ ನಾಲ್ಕು ದಿನ ಕಾಯಬೇಡಿ. ಆದರೆ ಕೆಲವಕ್ಕೆ ಅಪಾಯಿಂಟ್‌ಮೆಂಟ್ ಅಲ್ಲ, ಆಂಬುಲೆನ್ಸ್ ಬೇಕು. ಮೈ ತಣ್ಣಗಾಗಿ ಬೆವರುವುದು, ಬಿಳಿಚಿಕೊಳ್ಳುವುದು, ನಾಡಿ ಸಣ್ಣಗೆ ವೇಗವಾಗಿ ಓಡುವುದು, ಉಸಿರಾಟ ಜೋರಾಗುವುದು, ಮಾತು ತಡಬಡಾಯಿಸಿ ಗೊಂದಲವಾಗುವುದು. ಎದೆನೋವು, ಟಾರಿನಂಥ ಕಪ್ಪು ಮಲ, ರಕ್ತಸ್ರಾವ, ಲೋ ಬಿಪಿಯ ಜೊತೆ ಜ್ವರ ಇದ್ದರೂ ಅಷ್ಟೇ.

ಯಾರಾದರೂ ಬಿದ್ದರೆ ಮಲಗಿಸಿ, ಕಾಲನ್ನು ಸ್ವಲ್ಪ ಎತ್ತರಕ್ಕಿಡಿ. ಉಸಿರಾಡುತ್ತಿದ್ದಾರಾ ನೋಡಿ. ನನ್ನ ಹೆಂಡತಿ ಗಾಬರಿಯಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿ, ಬಾಯಿಗೆ ನೀರು ಹಿಡಿದಿದ್ದಳು. ಎರಡೂ ತಪ್ಪಂತೆ. ಈಗ ರಾತ್ರಿ ನಾನು ಎದ್ದರೆ ಅವಳಿಗೂ ಎಚ್ಚರವಾಗುತ್ತದೆ, ನಾನು ಹಾಸಿಗೆ ಅಂಚಲ್ಲಿ ಕೂತು ಪಾದ ಆಡಿಸುತ್ತಿದ್ದರೆ, "ಆಯ್ತಾ?" ಅಂತ ಕೇಳುತ್ತಾಳೆ.