ಊರವರಿಗೆ ಹೇಳಿಯೇ ಇಟ್ಟ ಡಬ್ಬಿ: ಮಲೆನಾಡಿನಲ್ಲಿ ಜಿಯೋಕ್ಯಾಶ್ ಉಳಿಸಿಕೊಂಡ ನನ್ನ ಅನುಭವ

ಸಾಗರದಿಂದ ಜೋಗಕ್ಕೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಸ್ವಲ್ಪ ಒಳಗೆ, ಒಂದು ಅಡಿಕೆ ತೋಟದ ಪಾಗಾರದಲ್ಲಿ ನನ್ನ ಜಿಯೋಕ್ಯಾಶ್, ಅಂದರೆ ಜಿಪಿಎಸ್ ಹಿಡಿದು ಹುಡುಕುವ ಆಟದ ಡಬ್ಬಿ, ಇದೆ. ಈಗ ಮೂರನೇ ಮಳೆಗಾಲ ದಾಟಿದೆ. ಡಬ್ಬಿ ಇಟ್ಟಲ್ಲೇ ಇದೆ, ಹುಡುಕಿದವರು ಹೆಸರು ಬರೆಯುವ ಲಾಗ್ ಕಾಗದ ಒಣಗಿಯೇ ಇದೆ, ಒಳಗಿನ ಸಾಮಾನು ಕಳೆದಿಲ್ಲ. ಮಲೆನಾಡಿನಲ್ಲಿ ಡಬ್ಬಿ ಇಟ್ಟು ನೋಡಿದವರಿಗೆ ಇದು ಸಣ್ಣ ಮಾತಲ್ಲ ಅಂತ ಗೊತ್ತು.

ಇದನ್ನು ಬರೆಯುವುದಕ್ಕೆ ಕಾರಣ ಇದೆ. ನಾನು ಹೀಗೆ ಮಾಡ್ತೀನಿ ಅಂದಾಗ ಬೆಂಗಳೂರಿನ ನಮ್ಮ ಹವ್ಯಾಸದ ಗೆಳೆಯರು ಒಬ್ಬರೂ ಒಪ್ಪಲಿಲ್ಲ. ಮಗಲ್‌ಗಳ, ಅಂದರೆ ಆಟ ಗೊತ್ತಿಲ್ಲದವರ, ಕಣ್ಣಿಗೆ ಬೀಳದ ಹಾಗೆ ಇಡು, ತೆಗೆಯುವಾಗಲೂ ಯಾರೂ ನೋಡಬಾರದು, ಇದೇ ತಾನೇ ನಾವೆಲ್ಲ ಕಲಿತ ಮೊದಲ ಪಾಠ? ನಾನು ತಿರುಗಿಸಿ ಹೇಳಿದೆ. ಊರಿನವರಿಗೆ ಹೇಳಿಯೇ ಇಡ್ತೀನಿ ಅಂದೆ. "ಹೇಳಿದ ಮಾರನೇ ದಿನವೇ ಡಬ್ಬಿ ಮಾಯ ಆಗುತ್ತೆ, ಬರೆದಿಟ್ಕೋ" ಅಂದರು.

ಅದಕ್ಕೂ ಮೊದಲು ಗುಟ್ಟಾಗಿ ಇಟ್ಟ ಡಬ್ಬಿಗಳ ಗತಿ ಕೇಳಿ. ಮೊದಲನೆಯದು ಬಸ್ ಸ್ಟ್ಯಾಂಡಿನ ಹಿಂದಿನ ಕಬ್ಬಿಣದ ಪಟ್ಟಿಗೆ ಅಂಟಿಸಿದ ಅಯಸ್ಕಾಂತದ ಡಬ್ಬಿ. ವಾರ ಕೂಡ ಉಳಿಯಲಿಲ್ಲ, ಗುಜರಿಗೆ ಹೋಗಿರಬೇಕು. ಇನ್ನೊಂದನ್ನು ಕಾಲುಸಂಕದ ಪಕ್ಕದ ಕಲ್ಲುಸಂದಿಯಲ್ಲಿ ಇಟ್ಟಿದ್ದೆ. ಜುಲೈ ಮಳೆಗೆ ಹಳ್ಳ ಏರಿ ಕಲ್ಲೂ ಹೋಯಿತು, ಡಬ್ಬಿಯೂ ಹೋಯಿತು.

ಆದರೆ ನನ್ನ ಲೆಕ್ಕಾಚಾರವನ್ನೇ ಬದಲಿಸಿದ್ದು ಗುಡ್ಡದ ದಾರಿಯಲ್ಲಿ ಇಟ್ಟದ್ದು. ದನ ಮೇಯಿಸುವವರ ಕೈಗೆ ಸಿಕ್ಕಿತು. ಒಳಗೆ ಏನಿತ್ತು ನೋಡಿ: ಒಂದೆರಡು ಪರದೇಶದ ನಾಣ್ಯ, ಯಾರೋ ಬದಲಿಗೆ ಇಟ್ಟು ಹೋದ ಪ್ಲಾಸ್ಟಿಕ್ ಬೊಂಬೆ, ತಾರೀಖು ಮತ್ತು ಅರ್ಥವಾಗದ ಹೆಸರುಗಳಿದ್ದ ಸುರುಳಿ ಕಾಗದ. ಬೊಂಬೆ, ನಾಣ್ಯ, ಚೀಟಿ ಮೂರೂ ಒಟ್ಟಿಗೆ ಸಿಕ್ಕರೆ ಹಳ್ಳಿಯಲ್ಲಿ ಏನಂದುಕೊಳ್ತಾರೆ? ಮಾಟ ಅಂದುಕೊಂಡರು. ಮುಟ್ಟದೆ, ಕೋಲಿನಲ್ಲಿ ಎತ್ತಿ, ಹೊಳೆಗೆ ಬಿಟ್ಟರಂತೆ. ಅದಾದ ಮೇಲೆ ಕೈಯಲ್ಲಿ ಜಿಪಿಎಸ್ ಹಿಡಿದು ಅದೇ ಗುಡ್ಡ ಹತ್ತಿದ ಇಬ್ಬರು ಹುಡುಗರನ್ನು ನಿಧಿಗಳ್ಳರು ಅಂತ ತಡೆದು ನಿಲ್ಲಿಸಿದರು. ಊರವರದ್ದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ. ನಮ್ಮ ಕಡೆ ಹಳೇ ಗುಡಿ, ಕೋಟೆಗಳ ಹತ್ತಿರ ರಾತ್ರಿ ಅಗೆಯುವ ನಿಜವಾದ ನಿಧಿಗಳ್ಳರು ಇದ್ದಾರೆ. ಗೊತ್ತಿಲ್ಲದ ಮನುಷ್ಯ ಕಲ್ಲು ಎತ್ತಿ ನೋಡ್ತಿದ್ದರೆ ಕೇಳಲೇಬೇಕು.

ಅಲ್ಲಿಗೆ ಡಬ್ಬಿ, ಕಾಗದ, ಪೆಟ್ರೋಲ್ ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಹೋಗಿತ್ತು. ಡಬ್ಬಿ ಇಡುವುದಕ್ಕೆ ಆಟದ ವೆಬ್‌ಸೈಟಿನ ಪ್ರೀಮಿಯಂ (ದುಡ್ಡು ಕೊಟ್ಟು ಪಡೆಯುವ) ಸದಸ್ಯತ್ವ ಬೇಕಿಲ್ಲ, ಆ ಖರ್ಚು ಉಳಿಯಿತು.

ಜಮೀನಿನ ಒಡೆಯರ ಒಪ್ಪಿಗೆ ಬೇಕು ಅನ್ನುವುದು ಆಟದ ಮೂಲ ನಿಯಮಗಳಲ್ಲೇ ಇದೆ. ವೆಬ್‌ಸೈಟಿಗೆ ಡಬ್ಬಿಯ ಪುಟ ಸಲ್ಲಿಸುವಾಗ ಎಲ್ಲರೂ ಅದಕ್ಕೆ ಟಿಕ್ ಹಾಕ್ತಾರೆ. ನಿಜವಾಗಿ ಹೋಗಿ ಕೇಳಿದವರು ನಮ್ಮಲ್ಲಿ ಎಷ್ಟು ಜನ? ನಾನು ಆ ಒಂದು ಸಾಲನ್ನು ಹಿಡಿದುಕೊಂಡೆ. ಒಪ್ಪಿಗೆ ಕೊಡುವ ಮನುಷ್ಯನನ್ನೇ ಕಾವಲು ಮಾಡಿಕೊಳ್ಳಬೇಕು. ಅಷ್ಟೇ ನನ್ನ ಉಪಾಯ.

ತೋಟದ ಯಜಮಾನರ ಪರಿಚಯ ಮೊದಲೇ ಇತ್ತು. ಡಬ್ಬಿ ತೆಗೆದು ಜಗಲಿಯ ಮೇಲೆ ಇಟ್ಟೆ. ಒಳಗಿನದ್ದೆಲ್ಲ ಒಂದೊಂದಾಗಿ ಹೊರಗೆ ಹರಡಿದೆ. ಅವರು ಮುಚ್ಚಳ ತೆಗೆದು, ಹಾಕಿ, ರಬ್ಬರನ್ನು ಉಗುರಲ್ಲಿ ಎಬ್ಬಿಸಿ ನೋಡಿದರು. "ಇದ್ರಲ್ಲಿ ದುಡ್ಡು ಎಲ್ಲಿ ಹುಟ್ಟುತ್ತೆ ಮಾರಾಯ?" ಅಂತ ಕೇಳಿದರು. "ದುಡ್ಡಿಲ್ಲ ಯಜಮಾನ್ರೇ, ಹುಡುಕೋದೇ ಆಟ" ಅಂದೆ. ಜರ್ಮನಿಯಿಂದ ಜೋಗ ನೋಡೋಕೆ ಬಂದವರು ಇದಕ್ಕೋಸ್ಕರ ನಿಮ್ಮ ತೋಟದ ದಣಪೆ ತನಕ ಬರ್ತಾರೆ ಅಂದಾಗ ನಂಬಲಿಲ್ಲ. ಆದರೂ ಹೂಂ ಅಂದರು. ಅವರು ಹಾಕಿದ ಷರತ್ತು ಒಂದೇ. ಬಂದವರು ಅಗಳ ದಾಟಿ ತೋಟಕ್ಕೆ ಇಳಿಯಬಾರದು. ಅದನ್ನು ಪುಟದ ಮೊದಲ ಸಾಲಲ್ಲೇ ಬರೆದೆ. ಪಾಗಾರದ ಹೊರಮೈಯಲ್ಲಿ ಮೊದಲೇ ಇದ್ದ ಪೊಳ್ಳಿನಲ್ಲಿ ಡಬ್ಬಿ ಕೂರಿಸಿದೆ. ಕಲ್ಲು ಕೀಳುವ ಹಾಗಿಲ್ಲ, ನೆಲ ಅಗೆಯುವ ಹಾಗಿಲ್ಲ, ಮರಕ್ಕೆ ಮೊಳೆ ಹೊಡೆಯುವ ಹಾಗಿಲ್ಲ. ಈ ನಿಯಮಗಳನ್ನು ಹಳ್ಳಿಯಲ್ಲಿ ಹೇಳಿ ನೋಡಿ, ಅರ್ಧ ಅನುಮಾನ ಅಲ್ಲೇ ಇಳಿಯುತ್ತೆ. ಅಗೆಯದವನು ನಿಧಿಗಳ್ಳ ಆಗೋದು ಹೇಗೆ?

ಡಬ್ಬಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ: "ಇದು ಆಟದ ಡಬ್ಬಿ. ಯಜಮಾನರಿಗೆ ಗೊತ್ತಿದೆ. ನೋಡಿ, ಹಾಗೇ ಇಡಿ." ಕೆಳಗೆ ನನ್ನ ಫೋನ್ ನಂಬರ್. ಇಂಗ್ಲಿಷ್ ಚೀಟಿಯನ್ನು ಮಾತ್ರ ಒಳಗೆ ಹಾಕುವವರು ಇದನ್ನು ಗಮನಿಸಬೇಕು. ಡಬ್ಬಿ ಮೊದಲು ಸಿಗೋದು ಕನ್ನಡ ಓದುವವರ ಕೈಗೆ. ಬೊಂಬೆಗಳನ್ನಂತೂ ನಾನು ಒಳಗೆ ಬಿಡುವುದೇ ಇಲ್ಲ.

ಪುಟ ಪ್ರಕಟವಾಗುವ ಮೊದಲು ಪರಿಶೀಲಿಸುವ ರಿವ್ಯೂವರ್ ಅದನ್ನು ಒಮ್ಮೆ ವಾಪಸ್ ಕಳಿಸಿದರು. ಯಜಮಾನರ ಮನೆ ಮುಂದೆ ಒಂದು ಸಣ್ಣ ಅಂಗಡಿ ಇದೆ, ಅದರ ಹೆಸರನ್ನು ಗುರುತಿಗೆ ಅಂತ ಬರೆದಿದ್ದೆ. ವ್ಯಾಪಾರದ ನಿಯಮ ನಿಮಗೆ ಗೊತ್ತಲ್ಲ: ಹುಡುಕುವವರು ಅಂಗಡಿ ಒಳಗೆ ಹೋಗಬೇಕಾಗಬಾರದು, ಕೊಳ್ಳಬೇಕಾಗಬಾರದು, ಅಲ್ಲಿನವರನ್ನು ಮಾತಾಡಿಸಲೇಬೇಕು ಅಂತಲೂ ಇರಬಾರದು. ಹೆಸರು ತೆಗೆದೆ. ಯಾರು ಒಪ್ಪಿಗೆ ಕೊಟ್ಟರು ಅಂತ ರಿವ್ಯೂವರ್‌ಗೆ ಮಾತ್ರ ಕಾಣುವ ಟಿಪ್ಪಣಿಯಲ್ಲಿ ತಿಳಿಸಿದೆ. ನೋಡಿಕೊಳ್ಳುವವನು ನಾನೇ, ಮನೆಯಿಂದ ಬೈಕಿನಲ್ಲಿ ಅರ್ಧ ಗಂಟೆ ಅಂತಲೂ ಬರೆದೆ. ಈ ಮಾತು ಮುಖ್ಯ. ಪ್ರವಾಸಕ್ಕೆ ಬಂದವರು ಇಟ್ಟು ಹೋಗುವ ಡಬ್ಬಿಗಳನ್ನು ಸುಮ್ನೆ ಒಪ್ಪಲ್ಲ, ಹತ್ತಿರದಲ್ಲಿ ನೋಡಿಕೊಳ್ಳುವವರು ಯಾರು ಅಂತ ಕೇಳೇ ಕೇಳ್ತಾರೆ. ಕೇಳಲೇಬೇಕು. ನಮ್ಮ ರಾಜ್ಯದಲ್ಲಿ ಕೆಲಸಕ್ಕೆ ಬಂದು, ಇಟ್ಟು, ವಾಪಸ್ ಹೋದವರ ಅನಾಥ ಡಬ್ಬಿಗಳನ್ನು ಹುಡುಕಿ ಸುಸ್ತಾದವರು ನಾವೇ ಅಲ್ವಾ?

ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕು ಅನ್ನುವ ನಿಯಮ ಮಾತ್ರ ಇಲ್ಲಿ ಕಾಡಲಿಲ್ಲ. ಪಕ್ಕದ ಡಬ್ಬಿ ಹತ್ತಾರು ಕಿಲೋಮೀಟರ್ ಆಚೆ. ಅದಕ್ಕೇ ಎಫ್‌ಟಿಎಫ್, ಅಂದರೆ ಮೊದಲ ಸಲ ಒಬ್ಬರಿಗೆ ಸಿಗೋದು, ಆಗೋಕೂ ಎರಡು ತಿಂಗಳು ಹಿಡಿಯಿತು.

ಶುರುವಿನಲ್ಲಿ ಒಂದು ತೊಂದರೆ ಬಂತು, ಅದೂ ಪ್ರೀತಿಯಿಂದ ಬಂದದ್ದು. ಯಜಮಾನರು ಬಂದವರನ್ನು ಕರೆದು, ಕೂರಿಸಿ, ಕಾಫಿ ಕೊಟ್ಟು, ಡಬ್ಬಿಯನ್ನು ತಾವೇ ತಂದು ಕೈಗೆ ಕೊಡ್ತಿದ್ದರು. ಲಾಗ್‌ಗಳಲ್ಲಿ ಕಾಫಿಯ ಹೊಗಳಿಕೆಯೋ ಹೊಗಳಿಕೆ. ಆದರೆ ಹುಡುಕಾಟ ಎಲ್ಲಿ ಉಳಿಯಿತು? ಕೂತು ಮಾತಾಡಿದೆ. ಹುಡುಕುವ ಸುಖವನ್ನು ಕಸಿಯಬಾರದು ಅಂತ ಹೇಳಿದೆ. ಈಗ ಒಪ್ಪಂದ ಹೀಗಿದೆ: ದೂರದಿಂದ ನೋಡ್ತಾ ಇರ್ತಾರೆ, ತಾವಾಗಿ ಏನೂ ಹೇಳಲ್ಲ. ಸೋತು ಕೇಳಿದರೆ "ಕೆಳಗೆ ನೋಡಬೇಡಿ" ಅಂತ ಮಾತ್ರ ಹೇಳ್ತಾರೆ. ಡಬ್ಬಿ ಸಿಕ್ಕಿದ ಮೇಲೆ ಕಾಫಿ. ಕಾಸು ಕೊಟ್ಟರೂ ತೆಗೆದುಕೊಳ್ಳಲ್ಲ, ಹಾಗಾಗಿ ನಿಯಮಕ್ಕೂ ತೊಡಕಿಲ್ಲ. ಒಬ್ಬ ಚೆಕ್ ದೇಶದವನು ಕಾಫಿಯನ್ನೂ ಬಿಟ್ಟು ಡಿಎನ್‌ಎಫ್ (ಸಿಗಲಿಲ್ಲ ಅನ್ನುವ ಲಾಗ್) ಬರೆದು ಹೋದ. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಡಿಎನ್‌ಎಫ್ ಬರೆಯೋಕೆ ನಾಚುವವರು ನಮ್ಮಲ್ಲಿ ಜಾಸ್ತಿ. ಸಿಗದಿದ್ದರೆ ಸಿಗಲಿಲ್ಲ ಅನ್ನಿ, ಡಬ್ಬಿ ಇಟ್ಟವನಿಗೆ ಅದೇ ದೊಡ್ಡ ಸುದ್ದಿ.

ಈಗ ಮಳೆ ವಿಷಯ. ಲಾಕ್ ಇರುವ ಅಡುಗೆಮನೆ ಡಬ್ಬಿ ನೀರು ಬಿಡಲ್ಲ ಅಂತಾರೆ. ಮೊದಲ ಮಳೆಗೆ ಬಿಡಲ್ಲ, ನಿಜ. ಹತ್ತು ಜನ ತೆಗೆದು ಹಾಕಿದ ಮೇಲೆ ರಬ್ಬರಿನ ಮೇಲೆ ಒಂದು ಮರಳಿನ ಕಣ ಕೂತರೂ ಸಾಕು. ಒಳಗೆ ಬಂದ ನೀರು ಹೊರಗೆ ಹೋಗಲ್ಲ. ಸಿಲಿಕಾ ಜೆಲ್ ಪೊಟ್ಟಣಗಳಿಗೆ ನಾನು ಕೊಟ್ಟ ದುಡ್ಡು ದಂಡ. ಜುಲೈಯಲ್ಲಿ ಒಮ್ಮೆ ಮುಚ್ಚಳ ತೆಗೆದರೆ ಪೊಟ್ಟಣ ತೇವ ಕುಡಿದು ತುಂಬಿಹೋಗುತ್ತೆ, ಆಮೇಲೆ ಅದರಿಂದ ಏನೂ ಪ್ರಯೋಜನವಿಲ್ಲ.

ನಾನು ಮಾಡಿದ್ದು ಡಬ್ಬಿಯೊಳಗೆ ಡಬ್ಬಿ. ಹೊರಗಿನ ಡಬ್ಬಿಯ ತಳಕ್ಕೆ ಸಣ್ಣ ತೂತು ಕೊರೆದೆ, ಬಂದ ನೀರು ಇಳಿದು ಹೋಗಲಿ ಅಂತ. ಲಾಗ್ ಕಾಗದ ಇರೋದು ಒಳಗಿನ ಪ್ರೀಫಾರ್ಮಿನಲ್ಲಿ. ನೀರಿನ ಬಾಟಲಿಯಾಗಿ ಊದುವ ಮುಂಚೆ ದಪ್ಪ ನಳಿಗೆಯ ರೂಪದಲ್ಲಿ ಬರುತ್ತಲ್ಲ, ಅದೇ. ಯುರೋಪಿನ ಕ್ಯಾಶರ್‌ಗಳು ಇದನ್ನು ಬಹಳ ಬಳಸುತ್ತಾರೆ. ಅಲ್ಲಿಂದ ತರಿಸೋದು ಯಾಕೆ? ಬಾಟಲಿ ನೀರಿನ ಘಟಕದಲ್ಲಿ ಕೇಳಿದರೆ ಒಂದಕ್ಕೆ ಮೂರೋ ನಾಲ್ಕೋ ರೂಪಾಯಿ. ದಪ್ಪ ಪ್ಲಾಸ್ಟಿಕ್, ಗಟ್ಟಿ ತಿರುಪು, ಬಾಟಲಿಯದೇ ಮುಚ್ಚಳ. ಮುಚ್ಚಳದ ತಿರುಪಿಗೆ ನಾನು ಒಂದು ಪದಾರ್ಥ ಸವರುತ್ತೇನೆ. ನಮ್ಮ ಅಡುಗೆಮನೆಯಲ್ಲೇ ಇರುವಂಥದ್ದು. ಅದೇನು ಅಂತ ಸದ್ಯಕ್ಕೆ ಹೇಳಲ್ಲ, ಇನ್ನೊಂದು ಮಳೆಗಾಲ ನೋಡಬೇಕು.

ಕಾಗದಕ್ಕೆ ಎಷ್ಟೋ ತಿಪ್ಪರಲಾಗ ಹಾಕಿದೆ. ಬಟರ್ ಪೇಪರ್ ಹರಿಯಿತು. ನೀರು ಹಿಡಿಯದ ವಿದೇಶಿ ಪುಸ್ತಕ ಒಳ್ಳೆಯದೇ, ಆರೇಳು ನೂರು ರೂಪಾಯಿ ಕೊಡೋಕೆ ಮನಸ್ಸು ಬರಲಿಲ್ಲ. ಕೊನೆಗೆ ಟೈವೆಕ್ (ಕಾಗದದಂತಿರುವ ಪ್ಲಾಸ್ಟಿಕ್ ನಾರಿನ ಹಾಳೆ) ಲಕೋಟೆ ತಂದು ಪಟ್ಟಿ ಕತ್ತರಿಸಿದೆ. ಹರಿಯಲ್ಲ, ನೆನೆದರೂ ಒರೆಸಿದರೆ ಆಯಿತು, ಬೂಷ್ಟು ಹಿಡಿದಿಲ್ಲ. ಪೆನ್ನು ಇಡಬೇಡಿ, ಗಿಡ್ಡ ಪೆನ್ಸಿಲ್ ಇಡಿ.

ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಇಡುವ ಬದಲಿ ಸಾಮಾನಿನ ಬಗ್ಗೆ ಒಂದು ಪ್ರಯೋಗ ಮಾಡಿದೆ. ತಿನ್ನುವ ವಸ್ತು ಇಡಬಾರದು ಅನ್ನೋದು ಎಲ್ಲರಿಗೂ ಗೊತ್ತು. ಆದರೂ ಯಾರೋ ಚಾಕಲೇಟ್ ಇಟ್ಟು ಹೋಗಿದ್ದರು. ಇಲಿ ಮೂಲೆ ಕೊರೆದು, ಹಿಂದೆಯೇ ಇರುವೆ ನುಗ್ಗಿ, ಮುನ್ನೂರು ರೂಪಾಯಿಯ ಡಬ್ಬಿ ಹಾಳಾಯಿತು. ಆಗ ಹೊಸ ಡಬ್ಬಿಗೆ ಚನ್ನಪಟ್ಟಣದ ಸಣ್ಣ ಬುಗುರಿಗಳನ್ನು ಹಾಕಿದೆ. ತೆಗೆದುಕೊಂಡಷ್ಟೇ ಬೆಲೆಯದ್ದೋ ಅದಕ್ಕಿಂತ ಹೆಚ್ಚಿನದ್ದೋ ಇಡಬೇಕು ಅನ್ನುವ ಪದ್ಧತಿ ನಮ್ಮಲ್ಲಿ ನಡೆಯುತ್ತಾ ಅಂತ ನೋಡಬೇಕಿತ್ತು. ನಡೆಯಿತು. ಬುಗುರಿ ಹೋದ ಕಡೆ ನಾಣ್ಯ, ಬ್ಯಾಡ್ಜು, ಒಂದು ಚಂದದ ಕೀಚೈನು ಬಂದಿವೆ. ಟ್ರಾವೆಲ್ ಬಗ್ (ಡಬ್ಬಿಯಿಂದ ಡಬ್ಬಿಗೆ ಸಾಗಬೇಕಾದ ನಂಬರಿನ ಬಿಲ್ಲೆ) ಮಾತ್ರ ಇಡಬೇಡಿ ಅಂತ ಪುಟದಲ್ಲೇ ಕೋರಿದ್ದೇನೆ. ಡಬ್ಬಿ ಕಮ್ಮಿ ಇರುವ ನಾಡಿನಲ್ಲಿ ಅವು ಬಂದು ಸಿಕ್ಕಿಹಾಕಿಕೊಳ್ಳುತ್ತವೆ. ಪಾಪ, ಒಡೆಯ ಎಲ್ಲೋ ಕೂತು ಕಾಯ್ತಿರ್ತಾನೆ.

ಇಕ್ಕೇರಿಯ ಅಘೋರೇಶ್ವರ ಗುಡಿಗೂ ಒಂದು ಮಾಡಬೇಕು ಅಂತ ಬಹಳ ದಿನದಿಂದ ಆಸೆ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಡಬ್ಬಿ ಇಡುವ ಮಾತೇ ಇಲ್ಲ. ಗುಡಿಯಲ್ಲಿ ಕಣ್ಣಲ್ಲೇ ಎಣಿಸಿ ಉತ್ತರ ಹುಡುಕುವ ಪ್ರಶ್ನೆ, ಡಬ್ಬಿ ದೂರದಲ್ಲಿ ಒಪ್ಪಿಗೆ ಇರುವ ಜಮೀನಿನಲ್ಲಿ. ಹೀಗೆ ಮಲ್ಟಿ (ಹಲವು ಹಂತದ ಹುಡುಕಾಟ) ಮಾಡಿದರೆ ಸರಿಹೋಗುತ್ತೆ. ಜಂಬಿಟ್ಟಿಗೆ ಕಲ್ಲಿನ ಬಗ್ಗೆ, ಡಬ್ಬಿ ಇಲ್ಲದೆ ನೆಲ-ಕಲ್ಲಿನ ಪಾಠ ಹೇಳುವ ಒಂದು ಅರ್ತ್‌ಕ್ಯಾಶ್ ಕೂಡ ಬರೆದಿದ್ದೇನೆ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನುವ ಬ್ರಿಟಿಷ್ ಸರ್ವೇಕ್ಷಕ ಕೇರಳದ ಅಂಗಡಿಪುರಂ ಕಡೆಯ ಇದೇ ಜಾತಿಯ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ, ಅದರಿಂದಲೇ ಶುರು ಮಾಡಿದ್ದೆ. ಇತಿಹಾಸ ಸಾಲದು, ಈ ಜಾಗಕ್ಕೇ ಬಂದು ನೋಡಿದರೆ ಮಾತ್ರ ಉತ್ತರ ಸಿಗುವ ಪ್ರಶ್ನೆ ಬೇಕು ಅಂತ ವಾಪಸ್ ಬಂತು. ಇನ್ನೂ ತಿದ್ದುತ್ತಿದ್ದೇನೆ.

ಲಾಗ್ ವಿಷಯದಲ್ಲಿ ನಾನು ಬಿಗಿ. ಕಾಗದದಲ್ಲಿ ಹೆಸರಿಲ್ಲದೆ ವೆಬ್‌ಸೈಟಿನಲ್ಲಿ ಸಿಕ್ಕಿತು ಅಂತ ಬರೆದ ಲಾಗ್‌ಗಳನ್ನು ಕೇಳಿ, ಉತ್ತರ ಬಾರದಿದ್ದರೆ ಅಳಿಸಿದ್ದೇನೆ. ಮನೆಯಲ್ಲಿ ಕೂತು ಬರೆಯುವವರು ಇದ್ದಾರೆ. ಮಳೆಯಲ್ಲಿ ಪೆನ್ಸಿಲ್ ಕಳೆದಿದ್ದಾಗ ಡಬ್ಬಿಯ ಫೋಟೋ ಕಳಿಸಿದವರನ್ನು ಒಪ್ಪಿದ್ದೇನೆ, ಅದು ನನ್ನ ವಿವೇಚನೆ. ಸಿಗಲಿಲ್ಲ ಅಂತ ತಾವೇ ಹೊಸ ಡಬ್ಬಿ ಎಸೆದು ಲಾಗ್ ಮಾಡುವವರನ್ನು ಮಾತ್ರ ಕ್ಷಮಿಸಲ್ಲ. ಒಬ್ಬರು ಹಾಗೆ ಮಾಡಿದ ದಿನ ಯಜಮಾನರೇ ಫೋನ್ ಮಾಡಿದರು: "ನಿಂದು ಅಲ್ದೇ ಇರೋ ಡಬ್ಬಿ ಒಂದು ಬಂದು ಕೂತಿದೆ." ಕಾವಲು ಅಂದರೆ ಇದು! ಮಾರನೇ ದಿನವೇ ಹೋಗಿ ತೆಗೆದೆ.

ನಮ್ಮ ಸೀಮೆಯಲ್ಲಿ ಇಡುವವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತೂ ಇದೆ. ಹರಡುವುದು ಉಣ್ಣೆ ಹುಳದಿಂದ, ಜೋರು ಇರೋದು ಚಳಿಗಾಲದ ಕೊನೆಯಿಂದ ಬೇಸಿಗೆ ತನಕ. ಪುಟದಲ್ಲಿ ಉಣ್ಣೆಯ ಚಿಹ್ನೆ ಹಾಕುವುದು ನಮ್ಮಲ್ಲಿ ಅಲಂಕಾರಕ್ಕಲ್ಲ. ಅದಕ್ಕೇ ಡಬ್ಬಿ ಕಾಡಿನೊಳಗೆ ಬೇಡ, ರಸ್ತೆ ಬದಿ ಇರಲಿ ಅಂತ ನಾನು ಹಟ ಹಿಡಿದದ್ದು. ಮಳೆಗಾಲದಲ್ಲಿ ಇಂಬಳ ಹತ್ತುತ್ತೆ, ಕಲ್ಲಿನ ಮೇಲೆ ಹಾವಸೆ ಜಾರುತ್ತೆ. ದಾರಿ ಎಷ್ಟು ಕಷ್ಟ ಅಂತ ತೋರಿಸುವ ಟೆರೇನ್ ಅಂಕ ಒಂದೂವರೆ ಅಂತಿದ್ದದ್ದನ್ನು ಎರಡೂವರೆ ಮಾಡಿದೆ.

ಬೇಡ ಅಂದಿದ್ದ ಬೆಂಗಳೂರಿನ ಗೆಳೆಯರಲ್ಲಿ ಒಬ್ಬರು ಹೋದ ದೀಪಾವಳಿ ರಜೆಗೆ ಬಂದು, ಹುಡುಕಿ, ಕಾಫಿ ಕುಡಿದು ಹೋದರು. ಈಗ ಅವರು ತುಮಕೂರಿನ ಕಡೆ ಒಂದು ತೆಂಗಿನ ತೋಟದವರನ್ನು ಮಾತಾಡಿಸಿದ್ದಾರಂತೆ. ನನ್ನ ಎರಡನೆಯದು ಶಿರಸಿ ದಾರಿಯಲ್ಲಿ, ಅಲ್ಲಿನ ಯಜಮಾನತಿಯ ಒಪ್ಪಿಗೆ ಸಿಕ್ಕಿದೆ, ಪುಟ ರಿವ್ಯೂವರ್ ಮುಂದಿದೆ. ಪ್ರೀಫಾರ್ಮ್‌ಗಳನ್ನು ಘಟಕದವರು ಬಿಡಿಯಾಗಿ ಕೊಡಲಿಲ್ಲ, ಹಾಗಾಗಿ ನನ್ನ ಹತ್ತಿರ ನೂರರ ಮೇಲೆ ಬಿದ್ದಿವೆ. ನಿಜವಾಗಿ ಒಪ್ಪಿಗೆ ಕೇಳಿ ಇಡುವವರಿಗೆ ಸುಮ್ನೆ ಕೊಡ್ತೀನಿ.