ಜುಬಾದ ಆಫೀಸಿನಲ್ಲಿ ರಾತ್ರಿ ಜನರೇಟರ್ ನಿಲ್ಲಿಸಿದ್ದು

2016ರ ಜುಲೈನಲ್ಲಿ ದಕ್ಷಿಣ ಸುಡಾನಿನ ರಾಜಧಾನಿ ಜುಬಾದಲ್ಲಿ ಕಾಳಗ ಶುರುವಾದಾಗ ನಮ್ಮ ನೆರವು ಸಂಸ್ಥೆಯ ಆಫೀಸಿನ ಜನರೇಟರ್ ಟ್ಯಾಂಕಿನಲ್ಲಿ ಇದ್ದದ್ದು ಸುಮಾರು 1,400 ಲೀಟರ್ ಡೀಸೆಲ್. ಅಂದರೆ ಆರು ದಿನ. ಬೆಳಗ್ಗೆ ಎದ್ದ ಕೂಡಲೇ ಕಡ್ಡಿ ಇಳಿಸಿ, ಒದ್ದೆಯಾದ ಗುರುತನ್ನು ಬೆರಳಿನಿಂದ ಹಿಡಿದು ನೋಡುತ್ತಿದ್ದೆ. ದಕ್ಷಿಣ ಸುಡಾನಿಗೆ ಎಣ್ಣೆ ಕೀನ್ಯಾದ ಮೊಂಬಾಸಾ ಬಂದರಿನಿಂದ ಉಗಾಂಡಾ ದಾಟಿ ನಿಮುಲೆ ಗಡಿಯಿಂದ ಬರಬೇಕು. ರಸ್ತೆ ನಿಂತರೆ ನೆರವು ಸಂಸ್ಥೆಯ ಆಫೀಸೂ ನಿಂತಂತೆ.

ಸೋಲಾರ್ ಹಾಕೋಣ ಅಂದೆ. ಬೇಡ ಅಂದವರೇ ಜಾಸ್ತಿ. ಅನುದಾನ ಒಂದು ವರ್ಷದ್ದು, ಬಾಡಿಗೆ ಕರಾರೂ ಒಂದು ವರ್ಷದ್ದು, ಪ್ಯಾನೆಲ್ ಹಾಕಿ ಬಿಟ್ಟು ಹೋಗೋದಾ ಅಂತ. ಡೀಸೆಲ್ ಬಿಲ್ಲಿಗೆ ಮಾತ್ರ ತಿಂಗಳಿಗೆ ಎಂಟು ಸಾವಿರ ಡಾಲರ್ ಯಾರೂ ಕೇಳದೆ ಹೋಗುತ್ತಿತ್ತು.

2018ರಲ್ಲಿ ಹಟ ಹಿಡಿದು 20 ಕಿಲೋವ್ಯಾಟ್ ಹಾಕಿಸಿದೆ. ಜೆಲ್ ಬ್ಯಾಟರಿಗಳನ್ನು ತಗಡಿನ ಕಂಟೇನರಿನಲ್ಲಿ ಇಟ್ಟೆ. ಒಳಗೆ 45 ಡಿಗ್ರಿ ದಾಟುತ್ತಿತ್ತು. ಹದಿನಾಲ್ಕು ತಿಂಗಳಿಗೆ ಎಲ್ಲವೂ ಹೊಟ್ಟೆ ಉಬ್ಬಿಸಿಕೊಂಡವು. ಹದಿನೆಂಟು ಸಾವಿರ ಡಾಲರ್ ಹೋಯ್ತು. ಮೀಟಿಂಗಿನಲ್ಲಿ ಆ ಮೊತ್ತವನ್ನು ನನ್ನ ಬಾಯಿಂದಲೇ ಹೇಳಬೇಕಾಯಿತು.

ಆದರೆ ದೊಡ್ಡ ತಪ್ಪು ಬ್ಯಾಟರಿಯದಲ್ಲ. ಲೋಡ್, ಅಂದರೆ ಆಫೀಸು ಎಳೆಯುವ ಕರೆಂಟು, ಇಳಿಸದೆ ಪ್ಯಾನೆಲ್ ಕೊಂಡಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ನಿಂತೆ: 14 ಕಿಲೋವ್ಯಾಟ್! ಖಾಲಿ ರೂಮುಗಳಲ್ಲಿ ಎಸಿ, ಸರ್ವರ್ ರೂಮು 18 ಡಿಗ್ರಿ. ಖಾಲಿ ಆಫೀಸಿಗೆ ಇದು ಜಾಸ್ತಿ, ಆದರೆ 100 ಕೆವಿಎ (ಸುಮಾರು 80 ಕಿಲೋವ್ಯಾಟ್) ಜನರೇಟರಿಗೆ ತೀರಾ ಸಣ್ಣ ಲೋಡ್; ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಇಪ್ಪತ್ತೆರಡು ಹಳೇ ಎಸಿ ತೆಗೆದು ಇನ್ವರ್ಟರ್ ಎಸಿ ಹಾಕಿದೆವು, ಸರ್ವರ್ ರೂಮನ್ನು 25ಕ್ಕೆ ಏರಿಸಿದೆವು. ರಾತ್ರಿ ಲೋಡ್ 5 ಕಿಲೋವ್ಯಾಟಿಗೆ ಬಂತು. ಇಡೀ ಕೆಲಸದಲ್ಲಿ ಇದೇ ಅಗ್ಗದ ಭಾಗ.

ಆಮೇಲೆ 60 ಕಿಲೋವ್ಯಾಟ್ ಪ್ಯಾನೆಲ್, 100 ಯೂನಿಟ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಒಂದೂವರೆ ಲಕ್ಷ ಡಾಲರಿನ ಆಸುಪಾಸು. ಈ ಸಲ ನಮ್ಮೂರ ಚಪ್ಪರ ನೆನಪಾಯಿತು. ಬ್ಯಾಟರಿ ಕಂಟೇನರಿನ ಮೇಲೆ ಎರಡಡಿ ಜಾಗ ಬಿಟ್ಟು ಪ್ಯಾನೆಲ್ಲನ್ನೇ ಚಪ್ಪರದಂತೆ ಹಾಕಿದೆ. ಒಳಗೆ ಏಳೆಂಟು ಡಿಗ್ರಿ ಇಳಿಯಿತು. 2024ರ ಮಾರ್ಚಿನಲ್ಲಿ ಸೆಕೆಗೆ ದೇಶದ ಶಾಲೆಗಳನ್ನೇ ಮುಚ್ಚಿದರು. ಆಗಲೂ ಸಣ್ಣದೊಂದು ಎಸಿಯಲ್ಲೇ ಬ್ಯಾಟರಿ ತಣ್ಣಗಿತ್ತು. ಕಾಂಕ್ರೀಟ್ ಎಲ್ಲೂ ಇಲ್ಲ, ಎಲ್ಲಾ ಬೋಲ್ಟು. ಬಾಡಿಗೆ ಮುಗಿದರೆ ಬಿಚ್ಚಿಕೊಂಡು ಹೋಗಬಹುದು. ಲೆಕ್ಕದವರು ಒಪ್ಪಿದ್ದು ಈ ಮಾತಿಗೇ.

ಜುಬಾ ಸಮಭಾಜಕದಿಂದ ಐದು ಡಿಗ್ರಿಯಷ್ಟೇ ಉತ್ತರಕ್ಕಿದೆ. ಪ್ಯಾನೆಲ್ ಸಪಾಟಾಗಿಯೇ ಇರಲಿ ಅನ್ನಿಸುತ್ತದೆ, ಅಲ್ವಾ? ಇಟ್ಟರೆ ಅಂಚಿನಲ್ಲಿ ಕೆಸರು ಕಟ್ಟುತ್ತದೆ. ಹತ್ತು ಡಿಗ್ರಿ ಓರೆ ಕೊಡಿ, ಅರ್ಧ ಪೂರ್ವಕ್ಕೆ, ಅರ್ಧ ಪಶ್ಚಿಮಕ್ಕೆ. ಎಸಿಯಿಂದ ಸೋರುವ ನೀರು ಹಿಡಿದು ಪ್ಯಾನೆಲ್ ತೊಳೆದೂ ನೋಡಿದೆ. ಉಪ್ಪಿನ ಕಲೆ ಕೂರಲ್ಲ. ಆದರೆ ಧೂಳು ಜಾಸ್ತಿ ಇರುವ ಡಿಸೆಂಬರ್-ಮಾರ್ಚಿನಲ್ಲೇ ಆ ನೀರು ಕಡಿಮೆ. ಮಳೆಗಾಲದ್ದನ್ನು ಕೂಡಿಡುವ ಪ್ರಯೋಗ ನಡೆದಿದೆ.

ಬ್ಯಾಟರಿ ಎಷ್ಟಕ್ಕೆ ಇಳಿದಾಗ ಜನರೇಟರ್ ಏಳಬೇಕು ಅನ್ನುವ ನನ್ನ ಸೆಟ್ಟಿಂಗ್ ಮಾತ್ರ ಇಲ್ಲಿ ಬರೆಯಲ್ಲ. ಅದಕ್ಕೆ ಎರಡು ಮಳೆಗಾಲ ಕಳೆದಿದ್ದೇನೆ.

ತಿಂಗಳಿಗೆ 7,000 ಲೀಟರ್ ಕುಡಿಯುತ್ತಿದ್ದ ಆಫೀಸು ಈಗ 1,700ರ ಹತ್ತಿರ ಇದೆ. ಹಾಕಿದ ದುಡ್ಡು ಎರಡು ವರ್ಷ ಚಿಲ್ಲರೆಯಲ್ಲಿ ವಾಪಸ್ ಬಂತು. ವಿಶ್ವಸಂಸ್ಥೆಯ ಸಚಿವಾಲಯ 2030ಕ್ಕೆ ತನ್ನ ಕರೆಂಟಿನಲ್ಲಿ ಶೇ 80 ನವೀಕರಿಸಬಹುದಾದದ್ದು ಇರಬೇಕು ಅಂತ ಗುರಿ ಇಟ್ಟಿದೆ. ನಮ್ಮ ಪುಟ್ಟ ಆಫೀಸು ಆಗಲೇ ಶೇ 75ರ ಹತ್ತಿರ ಮುಟ್ಟಿದೆ. ಅವತ್ತಿನ ಆ 1,400 ಲೀಟರ್ ಈಗ ಇದ್ದರೆ 25 ದಿನ ಬರುತ್ತದೆ. ಕಡ್ಡಿ ಇಳಿಸುವುದು ಈಗ ಸೋಮವಾರ ಮಾತ್ರ.